ಹುಳದ ರಜ

ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಹೊಲಿಗೆ ಯೂನಿಟ್ಟಿನ ಬಾಗಿಲಲ್ಲಿ ನಿಂತರೆ ಆಕೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೈ ನೋಡುತ್ತಿದ್ದಳು. ಬಂದ ಹೆಂಗಸರೆಲ್ಲ ಎರಡೂ ಅಂಗೈ ಮುಂದೆ ಚಾಚಬೇಕು. ಬೆರಳು ತಿರುಗಿಸಿ ನೋಡಿ, "ನಿಂಗೆ ಬಿಳಿ ಷರ್ಟು. ನಿಂಗೂ ಬಿಳೀದೆ. ನೀನು ಈ ವಾರ ನೀಲಿ ಲಂಗದ ಕಡೆ ಹೋಗಮ್ಮ" ಎಂದು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದಳು. ಮೊದಲ ಸಲ ನೋಡಿದಾಗ ನನಗೆ ಬೋರ್ಡಿಂಗ್ ಸ್ಕೂಲಿನ ಸಿಸ್ಟರ್ ನೆನಪಾಗಿ ಒಳಗೊಳಗೇ ಖುಷಿಯಾಗಿತ್ತು. ವೆರಿ ಗುಡ್, ನೇಲ್ ಇನ್‌ಸ್ಪೆಕ್ಷನ್! ಅದು ಉಗುರಿನ ತಪಾಸಣೆಯಲ್ಲ, ಹುಳದ ತಪಾಸಣೆ ಎಂದು ತಿಳಿಯಲು ಕೆಲವು ದಿನ ಹಿಡಿಯಿತು.

ರೇಷ್ಮೆ ಹುಳ ಸಾಕುವ ಮನೆಯವರ ಬೆರಳಿಗೆ ಹಿಪ್ಪುನೇರಳೆ ಸೊಪ್ಪಿನ ಹಾಲು ಹತ್ತಿ ಕಪ್ಪು ಹಿಡಿದಿರುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆ ಕೈ ಬಿಳಿ ಬಟ್ಟೆ ಮುಟ್ಟಿದರೆ ಸ್ಕೂಲ್ ಷರ್ಟಿನ ಕಾಲರು ಹಾಳು. ಅದಕ್ಕೇ ಕಪ್ಪು ಬೆರಳಿಗೆ ನೀಲಿ ಲಂಗ. ಬೆರಳು ತೀರಾ ಕಪ್ಪಾಗಿದ್ದರೆ ಆಕೆ ಹೊಲಿಗೆಯನ್ನೇ ಕೊಡುತ್ತಿರಲಿಲ್ಲ. "ಏಯ್, ನೀನ್ಯಾಕೆ ಬಂದೆ? ನಿನ್ ಹುಳ ನಾಲ್ಕನೇ ಜ್ವರ ಎದ್ದಿರ್ಬೇಕಲ್ಲೇ. ಹೋಗು, ಸೊಪ್ಪು ಹಾಕೋಗು!" ಎಂದು ಬಾಗಿಲಿಂದಲೇ ವಾಪಸು ಅಟ್ಟುತ್ತಿದ್ದಳು.

ಆಕೆಯ ಹೆಸರು ಬರೆಯುವುದಿಲ್ಲ. ಊರನ್ನೂ ಬರೆಯುವುದಿಲ್ಲ, ಶಿಡ್ಲಘಟ್ಟಕ್ಕೂ ಚಿಕ್ಕಬಳ್ಳಾಪುರಕ್ಕೂ ನಡುವೆ, ಟಾರು ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಹತ್ತಾರು ಊರುಗಳಲ್ಲಿ ಒಂದು ಎಂದುಕೊಳ್ಳಿ. ಕಳೆದ ತಿಂಗಳು ಆಕೆ ತೀರಿಕೊಂಡಳು. ನಿಮ್ಮಮ್ಮನ ಬಗ್ಗೆ ಬರೆಯಲೇ ಎಂದು ಮಗಳಿಗೆ ಫೋನು ಮಾಡಿ ಕೇಳಿದೆ. "ಬರೀರಿ. ಹೆಸರು ಹಾಕ್ಬೇಡಿ" ಎಂದಳು. ಅಷ್ಟೆ. ಅವಳ ದನಿಯಲ್ಲಿ ಕೋಪವಿತ್ತೋ ಇರಲಿಲ್ಲವೋ ನನಗೆ ಗೊತ್ತಾಗಲಿಲ್ಲ. ಎಪ್ಪತ್ತಾರನೆಯ ವಯಸ್ಸಿನಲ್ಲಿ ಫೋನಿನಲ್ಲಿ ದನಿ ಸರಿಯಾಗಿ ಕೇಳುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಯೂನಿಟ್ ಎಂದರೆ ದೊಡ್ಡ ಫ್ಯಾಕ್ಟರಿ ಏನಲ್ಲ. ಯಜಮಾನರು ಹೋದ ಮೇಲೆ ಅವರು ಬಿಟ್ಟುಹೋಗಿದ್ದ ಒಂದು ಹಳೇ ಶೆಡ್ಡಿನಲ್ಲಿ ಮೂವತ್ತು ಮಿಷನ್ ಹಾಕಿ ಸ್ಕೂಲ್ ಯೂನಿಫಾರಂ ಹೊಲಿಸಲು ಶುರು ಮಾಡಿದೆ. ಹೊಲಿಗೆ ನನಗೆ ಬರುತ್ತಿತ್ತು. ಕಾನ್ವೆಂಟಿನಲ್ಲಿ ನೀಡ್ಲ್‌ವರ್ಕಿಗೆ ಪ್ರೈಜ್ ತೆಗೆದುಕೊಂಡವಳು. ಹೆಂಗಸರಿಂದ ಕೆಲಸ ತೆಗೆಯುವುದು ಬರುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಬೆಲ್ ಒಂದೇ. ಬೆಲ್ ಹೊಡೆದರೆ ದೇವರೇ ಕರೆದ ಹಾಗೆ ಎಂದು ಕಲಿಸಿದ್ದರು. ಒಂಬತ್ತಕ್ಕೆ ಒಂದು ಬೆಲ್, ಒಂದಕ್ಕೆ ಒಂದು, ಐದೂವರೆಗೆ ಒಂದು. ಬೆಲ್ ಹೊಡೆಯುತ್ತಿತ್ತು, ಅರ್ಧ ಮಿಷನ್ ಖಾಲಿ ಇರುತ್ತಿತ್ತು. ಇವತ್ತು ಬಂದವಳು ನಾಳೆ ಇಲ್ಲ. ಎಂಟು ದಿನ ಬಿಟ್ಟು ಏನೂ ಆಗದವಳ ಹಾಗೆ ಬಂದು ಕೂರುತ್ತಿದ್ದಳು. ಯಾಕಮ್ಮ ಎಂದರೆ ಹಲ್ಲು ಕಿರಿದು, "ಹುಳ ಇತ್ತು ಮೇಡಮ್ಮ." ನನಗೆ ಉರಿದುಹೋಗುತ್ತಿತ್ತು. ಇಂಥವರನ್ನು ತೆಗೆದುಹಾಕಿ ಹೊಸಬರನ್ನು ಸೇರಿಸಿಕೊಂಡೆ. ಹೊಸಬರಿಗೆ ಕಾಲರು ಕೂರಿಸುವುದು ಕಲಿಸುವಷ್ಟರಲ್ಲಿ ಅವರ ಮನೆಯಲ್ಲೂ ಹುಳ ಎದ್ದಿರುತ್ತಿತ್ತು.

ಆಕೆ ಆಗ ಬರೀ ಟೈಲರ್. ಮಾತು ಕಡಿಮೆ, ಕೈ ಜಾಸ್ತಿ. ಮೊದಲ ಸಲ ನನ್ನ ಎದುರು ನಿಂತು ಮಾತಾಡಿದ್ದು ಒಂದು ಜಿರಲೆ ಸ್ಪ್ರೇ ವಿಷಯಕ್ಕೆ. ಭಾನುವಾರ ಶೆಡ್ಡಿಗೆಲ್ಲ ಸ್ಪ್ರೇ ಹೊಡೆಸಿದ್ದೆ. ಸೋಮವಾರ ನೋಡಿದರೆ ಹೆಂಗಸರೆಲ್ಲ ಹೊರಗೆ ಹುಣಸೆಮರದ ಕೆಳಗೆ ನಿಂತಿದ್ದಾರೆ, ಒಬ್ಬಳೂ ಒಳಗೆ ಬರಲೊಲ್ಲಳು. ನಾನು ಇಂಗ್ಲಿಷಿನಲ್ಲಿ ಕೂಗಾಡುತ್ತಿದ್ದೆ. ಕೋಪ ಬಂದರೆ ನನಗೆ ಕನ್ನಡ ಬಿಟ್ಟುಹೋಗುತ್ತದೆ. ಆಕೆ ಮುಂದೆ ಬಂದಳು.

"ಈ ವಾಸ್ನೆ ಸೀರೆಗೆ ಹತ್ಕೊಂಡು ಮನೆಗೋದ್ರೆ ಹುಳ ಒಂದೂ ಉಳಿಯಲ್ಲ ಮೇಡಮ್ಮ."

"ನಾನಿಲ್ಲಿ ಯೂನಿಫಾರಂ ಹೊಲಿಸ್ತಿದೀನೋ ಹುಳ ಸಾಕ್ತಿದೀನೋ?"

"ಹುಳ ಸತ್ತ ಮನೆಯೋಳು ನಾಳೆ ಮಿಷನ್ ಮುಂದೆ ಕೂತ್ಕೊಂಡು ಏನ್ ಹೊಲೀತಾಳೆ? ಅಳ್ತಾ ಕೂತಿರ್ತಾಳೆ. ಸೂಜಿ ನಿಮ್ದೇ ಮುರಿಯೋದು."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ನಾನೂ ನಕ್ಕುಬಿಟ್ಟೆ. ಆ ದಿನ ಬೆಲ್ ಹನ್ನೊಂದಕ್ಕೆ ಹೊಡೆಯಿತು; ಅಷ್ಟು ಹೊತ್ತು ಶೆಡ್ಡಿನ ಬಾಗಿಲು ಕಿಟಕಿ ತೆಗೆದು, ನೆಲವನ್ನೆಲ್ಲ ತೊಳೆಸಿದಳು.

ಮಧ್ಯಾಹ್ನ ನಾನೇ ಕರೆದು ಕೂರಿಸಿಕೊಂಡು ಕೇಳಿದೆ. ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದಂತೆ. ಜ್ವರ ಎಂದರೆ ಕಾಯಿಲೆಯಲ್ಲ. ಮೇವು ಬಿಟ್ಟು ಮಲಗಿ ಪೊರೆ ಕಳಚುವ ಹೊತ್ತು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಎಲ್ಲಿಲ್ಲದ ಹಸಿವು. ಅಲ್ಲಿಂದ ಒಂದು ವಾರ ಮನೆಮಂದಿಯೆಲ್ಲ ಸೊಪ್ಪು ಕೊಯ್ಯುವುದು, ಹಾಕುವುದು, ಅಷ್ಟೆ. ಆಮೇಲೆ ಹುಳ ಹಣ್ಣಾಗುತ್ತದೆ. ಆ ದಿನವೇ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡದಿದ್ದರೆ ಅಷ್ಟೂ ದಿನದ ದುಡಿಮೆ ಮಣ್ಣುಪಾಲು. ಅಂಥ ಎಂಟು ದಿನಗಳಿಗೆ ನನ್ನ ಬೆಲ್ ಯಾವ ಲೆಕ್ಕ?

"ಎಲ್ಲರ ಮನೇಲೂ ಒಂದೇ ವಾರ ಹುಳ ಎದ್ರೆ ನಿಮಗೆ ಕಷ್ಟ. ಒಬ್ಬೊಬ್ರದು ಒಂದೊಂದು ವಾರ ಎದ್ರೆ?" ಎಂದಳು.

"ಹುಳ ನೀನ್ ಹೇಳಿದ ಹಾಗೆ ಕೇಳುತ್ತಾ?"

"ಹುಳ ಕೇಳಲ್ಲ. ಹೆಂಗಸರು ಕೇಳ್ತಾರೆ."

ಆಮೇಲೆ ಆಕೆ ಮಾಡಿದ್ದನ್ನು ನೆನೆದರೆ ಇವತ್ತಿಗೂ ಆಶ್ಚರ್ಯವಾಗುತ್ತದೆ. ಬಟ್ಟೆ ಅಂಗಡಿಯವರು ಕೊಟ್ಟ ಲಕ್ಷ್ಮಿ ಚಿತ್ರದ ಕ್ಯಾಲೆಂಡರನ್ನು ಗೋಡೆಗೆ ಹೊಡೆದು, ಯಾರ ಮನೆಗೆ ಯಾವತ್ತು ಮರಿಹುಳ ಬರಬೇಕು, ಯಾರ ಹುಳ ಯಾವತ್ತು ಜ್ವರ ಏಳುತ್ತದೆ ಎಂಬುದಕ್ಕೆಲ್ಲ ಸ್ಟಿಕ್ಕರ್ ಬೊಟ್ಟು ಅಂಟಿಸಿದಳು. ಒಂದೊಂದು ಊರಿಗೆ ಒಂದೊಂದು ಬಣ್ಣ. ಆಕೆಗೆ ಓದು ಅಷ್ಟಕ್ಕಷ್ಟೇ. ಬೊಟ್ಟಿನ ಲೆಕ್ಕ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಸಂಜೆ ಊರೂರಿಗೆ ಹೋಗಿ ಪಂಚಾಯಿತಿ ಮಾಡುತ್ತಿದ್ದಳು. ಒಂದು ಸಲ ಶೆಡ್ಡಿನಲ್ಲೇ ಜಗಳವಾಯಿತು.

"ಅವಳಿಗೆ ಮೊದ್ಲು, ನಂಗೆ ಆಮೇಲೆ. ಯಾಕೆ, ಅವಳೇನ್ ನಿಮ್ ಸೊಸೇನಾ?" ಎಂದು ಒಬ್ಬಳು ಮುಸುಡಿ ಊದಿಸಿದಳು.

"ಸೊಸೆ ಅನ್ನೋಳು ಒಬ್ಳಿದ್ದಿದ್ರೆ ಇಷ್ಟೊತ್ತಿಗೆ ಮುದ್ದೆ ತಿರುವಿ ಕೊಡ್ತಿದ್ಲು, ನಿನ್ ಹತ್ರ ಬಾಯಿ ನೋಯಿಸ್ಕೊಳ್ಳೋ ಕರ್ಮ ನಂಗ್ಯಾಕೆ? ಒಂದು ವಾರ ತಡ್ಕೊಳೇ. ನಿನ್ ಸೊಪ್ಪೂ ಬಲೀಲಿ. ಚಾಲು, ಇಂಕ ಪೋ" ಎಂದಳು. ಸಾಕು, ಇನ್ನು ಹೋಗು ಎಂದು. ಜಗಳ ಮುಗಿಸಬೇಕಾದಾಗ ಆಕೆಗೆ ತೆಲುಗು ಬರುತ್ತಿತ್ತು, ನನಗೆ ಇಂಗ್ಲಿಷ್ ಬರುವ ಹಾಗೆ.

ಹುಳ ಎದ್ದ ಮನೆಯವಳಿಗೆ ಎಂಟು ದಿನ ರಜ. ಅದಕ್ಕೆ ಮುಂಚಿನ ದಿನಗಳಲ್ಲಿ ಎರಡು ಹೊತ್ತಿನ ಸೊಪ್ಪಿನ ನಡುವೆ ಬಂದು, ಹತ್ತೂವರೆಯಿಂದ ಎರಡೂವರೆವರೆಗೆ ಹೊಲಿದು ಹೋಗಬಹುದು. ಅದಕ್ಕೆ ಬದಲು, ಶಾಲೆ ಶುರುವಾಗುವ ಮುಂಚಿನ ಮೇ ತಿಂಗಳಲ್ಲಿ ಯಾರೂ ಭಾನುವಾರ ಕೇಳುವಂತಿಲ್ಲ. ಇಷ್ಟೇ ಕಾನೂನು. ಇನ್ನೊಂದಿತ್ತು, ಅದನ್ನು ಯಾರೂ ಗೋಡೆಗೆ ಅಂಟಿಸಿರಲಿಲ್ಲ: ಹುಳ ಇದೆ ಎಂದರೆ ಇದೆ. ಹೋಗಿ ನೋಡುವ ಹಾಗಿಲ್ಲ. ನಮ್ಮ ಸೀಮೆಯಲ್ಲಿ ಹುಳದ ಮನೆಗೆ ಹೊರಗಿನವರು ಕಾಲಿಡುವುದಿಲ್ಲ. ರೋಗ ತಗಲುತ್ತದೆ, ದೃಷ್ಟಿ ತಾಗುತ್ತದೆ. ಬೀಗರೇ ಬಂದರೂ ಜಗುಲಿಯಲ್ಲೇ ನೀರು ಕುಡಿದು ಹೋಗಬೇಕು.

ಕೆಲವು ಹೆಂಗಸರು ಬೇರೆ ಕಾರಣಕ್ಕೂ ಹುಳದ ಹೆಸರು ಹೇಳುತ್ತಾರೆ ಎಂದು ನನಗೆ ಅನುಮಾನ ಬಂದಿತ್ತು. ಕೇಳಿದೆ. ಆಕೆ ಕತ್ತರಿಯಿಂದ ಕಣ್ಣೆತ್ತಲಿಲ್ಲ. "ಎಲ್ಲಾ ರಜಾನೂ ಬಾಯ್ಬಿಟ್ಟು ಹೇಳಕ್ಕಾಗಲ್ಲ ಮೇಡಮ್ಮ. ಕೆಲಸ ನಿಂತಿದ್ಯಾ? ಇಲ್ಲ ತಾನೆ?"

ನಿಂತಿರಲಿಲ್ಲ. ಮಿಷನ್ನುಗಳು ಖಾಲಿ ಕೂರುವುದು ನಿಂತುಹೋಯಿತು. ಯಾರು ಯಾವ ವಾರ ಇರುವುದಿಲ್ಲ ಎಂದು ಮೊದಲೇ ಗೊತ್ತಿದ್ದರಿಂದ ಆರ್ಡರನ್ನು ಅದಕ್ಕೆ ತಕ್ಕ ಹಾಗೆ ಒಪ್ಪಿಕೊಳ್ಳುತ್ತಿದ್ದೆ. ಹೊಸಬರಿಗೆ ಕಲಿಸುವ ತಲೆನೋವು ಹೋಯಿತು, ಏಕೆಂದರೆ ಹಳಬರು ಬಿಟ್ಟುಹೋಗುತ್ತಿರಲಿಲ್ಲ. ಮನಸ್ಸು ಮನೆಯಲ್ಲಿಟ್ಟು ಹೊಲಿದ ಷರ್ಟಿನ ತೋಳು ತಿರುವುಮುರುವಾಗುತ್ತಿತ್ತಲ್ಲ, ಅದೂ ಕಡಿಮೆಯಾಯಿತು. ಮೇ ತಿಂಗಳಲ್ಲಿ ನಾನು ಬಾಯಿಬಿಟ್ಟು ಕೇಳುವ ಮುಂಚೆಯೇ ತಂಗಿ, ನಾದಿನಿಯರನ್ನೂ ಕರೆತಂದು ಗುಂಡಿ ಹಾಕಿ ಮುಗಿಸಿಕೊಡುತ್ತಿದ್ದರು. ಆಕೆಯನ್ನು ಇನ್‌ಚಾರ್ಜ್ ಮಾಡಿದೆ. ಮೇಜು ಕುರ್ಚಿ ಕೊಟ್ಟೆ. ಕುರ್ಚಿಯ ಮೇಲೆ ನೀಲಿ ಲಂಗದ ಕಟ್ಟು ಇಟ್ಟು, ತಾನು ನಿಂತೇ ಇರುತ್ತಿದ್ದಳು.

ಬೆಂಗಳೂರಿನಿಂದ ಬಟ್ಟೆ ಕೊಡುವ ಕಂಪನಿಯ ಒಬ್ಬ ಹುಡುಗ-ಮ್ಯಾನೇಜರ್ ಬಂದವನು ಆ ಬೊಟ್ಟಿನ ಕ್ಯಾಲೆಂಡರ್ ನೋಡಿ, "ಮೇಡಂ, ದಿಸ್ ಈಸ್ ಫ್ಲೆಕ್ಸಿಬಲ್ ವರ್ಕಿಂಗ್! ದೊಡ್ಡ ದೊಡ್ಡ ಕಂಪನಿಗಳು ಈಗ ಕಲೀತಿದಾವೆ" ಎಂದ. ನನಗೆ ಆ ಪದ ಸಿಕ್ಕಿದ್ದೇ ಅವತ್ತು. ಅಲ್ಲಿಂದ ನಾನು ಭಾಷಣಗಾರ್ತಿಯಾದೆ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ, ಗೌರಿಬಿದನೂರಿನ ಮಹಿಳಾ ಸಂಘದಲ್ಲಿ, ಚಿಂತಾಮಣಿಯ ಉದ್ಯಮಿಗಳ ಸಭೆಯಲ್ಲಿ. ಹೊತ್ತಿನಲ್ಲಿ ಸಡಿಲ ಬಿಟ್ಟರೆ ಉದ್ಯಮಕ್ಕೇ ಹೇಗೆ ಲಾಭ ಎಂದು ಸ್ಲೈಡು ಹಾಕಿ ಹೇಳುತ್ತಿದ್ದೆ. ಒಂದು ಸ್ಲೈಡಿನಲ್ಲಿ ದೊಡ್ಡ ಅಕ್ಷರದಲ್ಲಿ 'ಟ್ರಸ್ಟ್' ಎಂದಿತ್ತು. "ವಿ ಇವಾಲ್ವ್ಡ್ ದಿಸ್ ಸಿಸ್ಟಮ್" ಎನ್ನುತ್ತಿದ್ದೆ. ಆ 'ವಿ' ಎಂಬ ಪುಟ್ಟ ಪದದೊಳಗೆ ಆಕೆಯನ್ನು ಮಡಚಿ ಇಟ್ಟುಬಿಟ್ಟಿದ್ದೆ. ಚಿಂತಾಮಣಿಗೆ ಸ್ಯಾಂಪಲ್ ಹಿಡಿದುಕೊಳ್ಳಲು ಆಕೆಯೂ ಬಂದಿದ್ದಳು. ಕೊನೆಯ ಸಾಲಿನಲ್ಲಿ ಯೂನಿಫಾರಮ್ಮಿನ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೇಗಿತ್ತು ಎಂದು ಕೇಳಿದೆ. "ಚೆನ್ನಾಗ್ ಮಾತಾಡಿದ್ರಿ ಮೇಡಮ್ಮ. ಊಟ ಯಾವಾಗ ಕೊಡ್ತಾರೆ?"

ಆಕೆಯನ್ನು ನಾನು ಯಾವತ್ತೂ 'ನೀವು' ಎಂದು ಕರೆದಿಲ್ಲ. ಆಕೆ ನನ್ನನ್ನು 'ನೀವು' ಎನ್ನದೆ ಮಾತಾಡಿಲ್ಲ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವಳಷ್ಟೆ.

ಆ ಮೇ ತಿಂಗಳಿಗೆ ಬರುತ್ತೇನೆ. ಬರೆಯದೆ ಸುತ್ತಿ ಸುತ್ತಿ ಹೋಗುತ್ತಿದ್ದೇನೆ ಎಂದು ನನಗೇ ಗೊತ್ತು.

ಹನ್ನೊಂದು ವರ್ಷದ ಹಿಂದಿನ ಮಾತು. ಶಾಲೆಗಳ ಆರ್ಡರು ಮೇಜಿನ ಎತ್ತರ ಬಿದ್ದಿತ್ತು. ಒಂದು ಮಧ್ಯಾಹ್ನ ಆಕೆ ನನ್ನ ಮುಂದೆ ನಿಂತು, "ನಾಳೆಯಿಂದ ಎಂಟು ದಿನ ರಜ ಬೇಕು ಮೇಡಮ್ಮ. ಹುಳ ಇದೆ" ಎಂದಳು.

ನಾನು ತಲೆ ಎತ್ತಿ ನೋಡಿದೆ. ಹಿಂದಿನ ವರ್ಷವೇ ಅಣ್ಣತಮ್ಮಂದಿರ ಭಾಗವಾಗಿ ಹಿಪ್ಪುನೇರಳೆ ತೋಟ ಆಕೆಯ ಮೈದುನನ ಪಾಲಿಗೆ ಹೋಗಿತ್ತು. ಆಕೆಯೇ ಹೇಳಿದ್ದಳು. ತೋಟವಿಲ್ಲದವಳ ಮನೆಯಲ್ಲಿ ಹುಳ ಎಲ್ಲಿಂದ? ಮೇಲಾಗಿ ಹಿಂದಿನ ವಾರ ಎರಡು ಸಲ ತಡವಾಗಿ ಬಂದಿದ್ದಳು. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಂತಿದ್ದನ್ನು ನಮ್ಮ ಡ್ರೈವರ್ ನೋಡಿದ್ದ. ಅಲ್ಲಿ ಹೊಸದೊಂದು ಗಾರ್ಮೆಂಟ್ಸ್ ಶುರುವಾಗುತ್ತಿದೆ ಎಂದು ಕೇಳಿದ್ದೆ. ನನ್ನ ತಲೆಯಲ್ಲಿ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ನನ್ನ ಇನ್‌ಚಾರ್ಜನ್ನು, ನನ್ನ ಸೀಸನ್ನಿನಲ್ಲಿ, ಯಾರೋ ಎಳೆದುಕೊಳ್ಳುತ್ತಿದ್ದಾರೆ.

"ತೋಟ ಇಲ್ಲದೋರಿಗೆ ಹುಳದ ರಜ ಎಲ್ಲಿಂದ ಬರುತ್ತೆ?" ಎಂದೆ. ಮೆಲ್ಲಗೆ ಹೇಳಲಿಲ್ಲ. ಮಿಷನ್ನುಗಳ ಸದ್ದು ಒಂದೊಂದಾಗಿ ನಿಂತಿತು.

"ಸೊಪ್ಪು ಕೊಂಡು ಸಾಕ್ತಿದೀವಿ."

"ನಂಗೆ ಕಥೆ ಹೇಳ್ಬೇಡ. ರೂಲ್ ಮಾಡಿದವಳೇ ರೂಲ್ ಮುರಿದ್ರೆ ಹೇಗೆ? ರಜ ಇಲ್ಲ."

ಆಕೆ ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ಹಿಂದೆ ಮೂವತ್ತು ಹೆಂಗಸರು, ಸುತ್ತಮುತ್ತಲ ಹತ್ತು ಊರಿನವರು, ಕಿವಿಗೊಟ್ಟಿದ್ದರು. "ಆಯ್ತು ಮೇಡಮ್ಮ" ಎಂದು ತನ್ನ ಜಾಗಕ್ಕೆ ಹೋದಳು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಮೂರನೆಯ ದಿನ ಡ್ರೈವರನ್ನು ಕರೆದು ಆಕೆಯ ಊರಿಗೆ ಕಾರು ಬಿಡಿಸಿದೆ. ಈಗ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ: ಏನು ನೋಡಲು ಹೋದೆ? ಆಕೆ ಮನೆಯಲ್ಲಿ ಇಲ್ಲದಿರಲಿ, ಆ ಹೊಸ ಗಾರ್ಮೆಂಟ್ಸಿಗೆ ಹೋಗಿರಲಿ, ನನ್ನ ಮಾತು ನಿಜವಾಗಲಿ ಎಂದೇ ಹೋದೆ.

ಕಾರು ನಿಂತ ಕೂಡಲೇ ಅಕ್ಕಪಕ್ಕದ ಮನೆಯವರು ಹೊರಗೆ ಬಂದರು. ಜಗುಲಿಯ ಮೇಲಿದ್ದ ಆಕೆಯ ಗಂಡ ಎದ್ದು ಕೈ ಮುಗಿದ. "ಒಳಗೆ ಹುಳ ಐತೆ ತಾಯಿ. ಇಲ್ಲೇ ಕೂತ್ಕೊಳಿ. ಕರೀತೀನಿ." ಪಕ್ಕದ ಹುಳದ ಮನೆಯ ಬಾಗಿಲು ಮುಂದಕ್ಕೆಳೆದಿತ್ತು. ಹೊಸ್ತಿಲ ಮುಂದೆ ಬ್ಲೀಚಿಂಗ್ ಪುಡಿಯ ನೀರಲ್ಲಿ ನೆನೆಸಿದ ಗೋಣಿಚೀಲ ಹಾಸಿತ್ತು, ಹುಳ ಇರುವ ಎಲ್ಲ ಮನೆಗಳಲ್ಲೂ ಹಾಸುವ ಹಾಗೆ. ಆದರೆ ಸದ್ದಿರಲಿಲ್ಲ. ಅಷ್ಟು ವರ್ಷದಲ್ಲಿ ನನಗೂ ಒಂದಿಷ್ಟು ತಿಳಿದಿತ್ತು: ಜ್ವರ ಎದ್ದ ಹುಳ ಸೊಪ್ಪು ತಿನ್ನುವಾಗ ಹೊರಗೆ ನಿಂತವರಿಗೂ ಸೋನೆ ಮಳೆಯ ಹಾಗೆ ಕೇಳುತ್ತದೆ.

"ಎಲ್ಲಿ, ಹುಳ ನೋಡೋಣ" ಎಂದೆ. ಗಂಡ "ಬ್ಯಾಡ ತಾಯಿ, ಬ್ಯಾಡ" ಎನ್ನುತ್ತಿದ್ದಂತೆ ಗೋಣಿಚೀಲ ದಾಟಿ ಬಾಗಿಲು ತಳ್ಳಿದೆ.

ಖಾಲಿ ತಟ್ಟೆಗಳ ಸ್ಟ್ಯಾಂಡಿನ ನಡುವೆ ಚಾಪೆ ಹಾಸಿತ್ತು. ಆಕೆಯ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆಕೆ ಪಕ್ಕದಲ್ಲಿ ಕೂತು, ಒಂದು ಕೈಯಲ್ಲಿ ಕೂಸನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅನ್ನದ ತುತ್ತು ಮಾಡಿ ಹಿಡಿದಿದ್ದಳು. ಬೆಳಕು ಬಿದ್ದದ್ದಕ್ಕೆ ಹುಡುಗಿ ತಿರುಗಿದಳು. ಕಣ್ಣು ತೆರೆದಿತ್ತು, ನನ್ನ ಮೇಲೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಜೋರಾಗಿ ಅಳತೊಡಗಿದಳು. ಕೂಸೂ ಅತ್ತಿತು. ನನ್ನ ಬೆನ್ನ ಹಿಂದೆ, ತೆರೆದ ಬಾಗಿಲಲ್ಲಿ, ಊರಿನ ಏಳೆಂಟು ಜನ ಇಣುಕುತ್ತಿದ್ದರು. ನಮ್ಮ ಡ್ರೈವರೂ ಇದ್ದ.

ಆಕೆ ಎದ್ದು ಬಂದು ನನ್ನನ್ನು ಹೊರಗೆ ಕರೆತಂದಳು. ಬಾಗಿಲು ಎಳೆದುಕೊಂಡಳು. ಬೈಯಲಿಲ್ಲ. ಮೆಲ್ಲಗೆ, ನನ್ನೊಬ್ಬಳಿಗೇ ಕೇಳುವ ಹಾಗೆ ಹೇಳಿದಳು: "ಹೆರಿಗೆಗೆ ಬಂದೋಳು ಹಿಂಗಾಗ್ಬಿಟ್ಲು. ಚಿಕ್ಕಬಳ್ಳಾಪುರದಲ್ಲಿ ತೋರಿಸ್ತಿದೀನಿ. ಡಾಕ್ಟ್ರು ಮಾತ್ರೆ ಬದಲಾಯಿಸವ್ರೆ, ಎಂಟು ದಿನ ಒಂದು ನಿಮಿಷಾನೂ ಬಿಟ್ಟಿರ್ಬೇಡ ಅಂದ್ರು. ಬೀಗರು ಮಂಡಿಕಲ್ ಕಡೆಯೋರು, ಕಳ್ಸಿ ಕಳ್ಸಿ ಅಂತವ್ರೆ. ಹುಳ ಇದೆ, ಗೂಡಾದ್ಮೇಲೆ ಕಳಿಸ್ತೀನಿ ಅಂದಿದ್ದೆ. ಹುಳ ಇದ್ರೆ ಯಾರೂ ಮನೆಗೆ ಬರಲ್ಲ ಅಲ್ವಾ ಮೇಡಮ್ಮ. ನಿಮಗೊಂದು, ಅವ್ರಿಗೊಂದು ಹೇಳಕ್ಕಾಗಲಿಲ್ಲ. ನಿಮ್ಮಲ್ಲಿ ಎಲ್ಲಾ ಊರೋರೂ ಅವ್ರೆ."

ನಾನು "ಐ ಆಮ್ ಸಾರಿ" ಎಂದೆ. ಹಾಗೆ ಅಂದದ್ದು ಚೆನ್ನಾಗಿ ನೆನಪಿದೆ, ಏಕೆಂದರೆ ಆಕೆಗೆ ಅದು ಅರ್ಥವಾಗಲಿಲ್ಲ. ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ. ಕಾರು ಹತ್ತಿದೆ.

ಹಡೆದ ಮೇಲೆ ಕೆಲವು ಹುಡುಗಿಯರಿಗೆ ಹೀಗಾಗುತ್ತದೆ, ಔಷಧಿಗೆ ವಾಸಿಯಾಗುತ್ತದೆ ಎಂದು ನನಗೆ ಗೊತ್ತಿತ್ತು, ನಾನು ಓದಿದವಳು. ಬೀಗರಿಗೆ ಗೊತ್ತಿರಲಿಲ್ಲ. ಡ್ರೈವರ್ ಟೀ ಅಂಗಡಿಯಲ್ಲಿ ಬಾಯಿಬಿಟ್ಟನೋ, ಊರಿನವರೇ ಹೇಳಿದರೋ, ವಾರದೊಳಗೆ ಅವರು ಬಂದರು. ಹುಡುಗಿ ಸರಿಹೋದ ಮೇಲೆ ನೋಡೋಣ ಎಂದು ಐದು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಹೋದರಂತೆ. ನಾಲ್ಕಾರು ತಿಂಗಳಲ್ಲಿ ಹುಡುಗಿ ಸರಿಹೋದಳು. ಅವರು ಮಾತ್ರ ನೋಡಲು ಬರಲಿಲ್ಲ. ಹುಚ್ಚು ಹಿಡಿದವಳು ಎಂದು ಒಂದು ಸಲ ಊರ ಬಾಯಿಗೆ ಬಿದ್ದರೆ ಯಾವ ಮಾತ್ರೆ ವಾಸಿ ಮಾಡೀತು? ಆಕೆ ಮಗಳನ್ನು ಗೌರಿಬಿದನೂರಿನಲ್ಲಿದ್ದ ತನ್ನ ತಮ್ಮನ ಮನೆಗೆ ಕಳಿಸಿದಳು. ಮೊಮ್ಮಗಳ ಮುಖ ಮತ್ತೆ ನೋಡಲು ಆಕೆಗೆ ಮೂರು ವರ್ಷ ಹಿಡಿಯಿತು.

ಆಕೆ ಮತ್ತೆ ಕೆಲಸಕ್ಕೆ ಬರಲಿಲ್ಲ. ಬೀರುವಿನ ಬೀಗದ ಕೈಯನ್ನು ಯಾರ ಕೈಲೋ ಕಳಿಸಿದಳು. ನಾನು ಒಂದು ಸೀರೆ, ಒಂದು ಬುಟ್ಟಿ ಹಣ್ಣು ಕಳಿಸಿದೆ. ಹಣ್ಣು ಇಟ್ಟುಕೊಂಡು ಸೀರೆ ವಾಪಸು ಕಳಿಸಿದಳು. ಎರಡು ವರ್ಷದ ನಂತರ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಎದುರಾದಳು. ನಾನು ಮುಖ ತಪ್ಪಿಸಲು ನೋಡಿದೆ. ಆಕೆ ಎಂದಿನ ಹಾಗೆ, "ಬಾಗಿಲ ಹತ್ರದ ಮಿಷನ್ನಿಗೆ ಬೆಲ್ಟ್ ಬದಲಾಯಿಸಿದ್ರಾ ಮೇಡಮ್ಮ? ಅದು ದಾರ ಕಡೀತಿತ್ತು" ಎಂದಳು. ಬದಲಾಯಿಸಿದೆ ಎಂದೆ. ಬದಲಾಯಿಸಿರಲಿಲ್ಲ. ಬಸ್ಸು ಬಂತು.

ಆಕೆ ಕೆಲಸ ಬಿಟ್ಟ ಮೇಲೆ ನಾನು ಹುಳದ ರಜಕ್ಕೆ ಫಾರಂ ಮಾಡಿಸಿದೆ. ಮರಿಹುಳ ಕೊಂಡ ಚೀಟಿ ತಂದು ತೋರಿಸಬೇಕು. ತೋರಿಸಿದವರಿಗೆ ಎಂಟು ದಿನ, ಮೊದಲಿನಷ್ಟೇ. ಆದರೂ ಒಬ್ಬೊಬ್ಬರೇ ಬಿಡತೊಡಗಿದರು. ಮುಂದಿನ ಮೇನಲ್ಲಿ ಭಾನುವಾರ ಯಾರೂ ಬರಲಿಲ್ಲ. ಆರ್ಡರು ಜುಲೈಗೆ ಮುಟ್ಟಿತು, ಎರಡು ಶಾಲೆಯವರು ವಾಪಸು ಕಳಿಸಿದರು. ರಜ ಅಷ್ಟೇ ಇತ್ತು, ದಿನ ಅಷ್ಟೇ ಇದ್ದವು. ಉದ್ಯಮಕ್ಕೆ ಲಾಭ ತಂದಿದ್ದು ಆ ಎಂಟು ದಿನವಲ್ಲ, ಯಾಕೆ ಎಂದು ಕೇಳದೆ ಇದ್ದದ್ದು ಎಂದು ತಿಳಿಯುವ ಹೊತ್ತಿಗೆ ಯೂನಿಟ್ ಮಾರಿದ್ದಾಗಿತ್ತು. ಇಷ್ಟಾದರೂ ಭಾಷಣ ನಿಲ್ಲಿಸಲಿಲ್ಲ ನಾನು. ಅದೇ ಸ್ಲೈಡು, ಅದೇ 'ಟ್ರಸ್ಟ್'. ಚಪ್ಪಾಳೆ ಹೊಡೆಯುತ್ತಿದ್ದರು.

ಆಕೆ ತೀರಿಕೊಂಡ ಸುದ್ದಿ ಹಳೇ ಟೈಲರ್ ಒಬ್ಬಳು ತಿಳಿಸಿದಳು. ಮಣ್ಣಿಗೆ ಹೋಗಲು ಧೈರ್ಯವಾಗಲಿಲ್ಲ. ಹನ್ನೊಂದನೇ ದಿನದ ತಿಥಿಗೆ ಆಟೋ ಮಾಡಿಕೊಂಡು ಹೋದೆ. ಹೊಸಬರು ಕಟ್ಟಿಸಿದ ಮನೆಗಳು, ಹೊಸ ಮುಖಗಳು. ನನ್ನ ಗುರುತು ಯಾರಿಗೂ ಸಿಗಲಿಲ್ಲ. ಮಂಡಿ ನೋವೆಂದು ಶಾಮಿಯಾನದ ತುದಿಯಲ್ಲಿ ಕುರ್ಚಿ ಕೊಟ್ಟರು. ಹತ್ತು ಹನ್ನೊಂದು ವರ್ಷದ ಒಂದು ಹುಡುಗಿ, ಅಜ್ಜಿ ಹೋದದ್ದಕ್ಕೆ ಮಂಡಿಕಲ್ ಕಡೆಯಿಂದ ಬಂದವಳು, ಸಂಜೆ ಬಸ್ಸಿಗೆ ವಾಪಸು ಹೋಗಬೇಕೆಂದು ಆಗಲೇ ಚಪ್ಪಲಿ ಹಾಕಿಕೊಂಡು ಕೂತಿದ್ದಳು.

ಮಗಳು ಲೋಟದಲ್ಲಿ ನೀರು ತಂದಳು. ಅದೇ ಮುಖ, ಈಗ ಕಣ್ಣು ನನ್ನನ್ನು ನೋಡುತ್ತಿತ್ತು. ಲೋಟ ಕೊಟ್ಟವಳು ಹೋಗಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ನೀವು ಅವತ್ತು ಕಾರಲ್ಲಿ ಬಂದಿದ್ದ ಡಾಕ್ಟ್ರಮ್ಮ ಅಲ್ವಾ? ನಂಗೆ ಹುಷಾರಿಲ್ದಾಗ? ಅಮ್ಮ ಹೇಳ್ತಿದ್ರು. ನಿನ್ನ ನೋಡಕ್ಕೆ ಅಂತಾನೇ ದೊಡ್ಡ ಡಾಕ್ಟ್ರಮ್ಮ ಮನೆಗೇ ಬಂದಿದ್ರು ಕಣೇ, ಅವ್ರು ಬಂದೋದ್ಮೇಲೇನೇ ನೀನು ಸರಿಹೋಗಿದ್ದು ಅಂತ."

ಆಕೆ ಮಗಳಿಗೆ ಹೀಗೆ ಹೇಳಿದ್ದಳು. ಬಾಗಿಲು ತಳ್ಳಿ ಒಳಗೆ ಬಂದವಳನ್ನು ಮಗಳ ಮಟ್ಟಿಗೆ ಡಾಕ್ಟರನ್ನಾಗಿ ಮಾಡಿಬಿಟ್ಟಿದ್ದಳು.

ನಾನು "ಹೂಂ" ಎಂದೆ. ಹೌದು, ಹಾಗೆಂದೆ. ಸುಲಭವಾಗಿತ್ತು, ಆ ಸುಳ್ಳಿನಲ್ಲಿ ಕೂತಿರುವುದು ಹಾಯೆನಿಸಿತು.

ಅವಳ ಮುಖ ಅರಳಿತು. ಸುತ್ತ ನೋಡಿ, ದನಿ ತಗ್ಗಿಸಿದಳು. "ಮಾತ್ರೆ ಇನ್ನೂ ತಗೋತಿದೀನಿ ಡಾಕ್ಟ್ರಮ್ಮ, ಸಣ್ಣದೊಂದು, ದಿನಾ. ಈಗ ನಿಲ್ಲಿಸ್ಬಿಡ್ಲಾ? ಅಮ್ಮ ಇದ್ದಾಗ ಜ್ಞಾಪಿಸೋರು. ನೀವ್ ಹೇಳಿದ್ರೆ ಇವತ್ತಿಂದ್ಲೇ ಬಿಡ್ತೀನಿ."

ಇದಕ್ಕೆ ಹೂಂ ಎನ್ನುವ ಹಾಗಿರಲಿಲ್ಲ. ಊಹೂಂ ಎನ್ನುವ ಹಕ್ಕೂ ನನಗಿರಲಿಲ್ಲ. ನಾನು ನಿಜ ಹೇಳಿದ್ದು ಒಳ್ಳೆಯತನದಿಂದಲ್ಲ. ಬೇರೆ ದಾರಿ ಇರಲಿಲ್ಲ, ಹೇಳಿದೆ.

"ನಾನು ಡಾಕ್ಟರ್ ಅಲ್ಲಮ್ಮ. ನಿಮ್ಮಮ್ಮ ಕೆಲಸ ಮಾಡ್ತಿದ್ದ ಹೊಲಿಗೆ ಯೂನಿಟ್ಟು ನಂದು. ನಿನ್ನ ನೋಡ್ಕೊಳ್ಳಕ್ಕೆ ಎಂಟು ದಿನ ರಜ ಕೇಳಿದ್ರು. ಕೊಡಲಿಲ್ಲ. ಸುಳ್ಳು ಹೇಳ್ತಿದಾರೆ ಅಂತ ಹಿಡಿಯಕ್ಕೆ ಬಂದಿದ್ದೆ ಅವತ್ತು. ಆ ಬಾಗಿಲು ತೆಗೆದಿದ್ದು ನಾನೇ. ತಪ್ಪಾಯ್ತು."

ಅವಳು ನನ್ನನ್ನು ನೋಡುತ್ತಲೇ ಇದ್ದಳು. ಚಪ್ಪಲಿ ಹಾಕಿಕೊಂಡು ಕೂತಿದ್ದ ಹುಡುಗಿಯ ಕಡೆ ಒಂದು ಸಲ ನೋಡಿದಳು. ಶಾಮಿಯಾನದೊಳಗಿಂದ ಯಾರೋ "ಸಾರು ಈ ಕಡೆ ಬರ್ಲಮ್ಮ" ಎಂದು ಕೂಗುತ್ತಿದ್ದರು. ಅವಳು ಏಳಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಮಾತ್ರೆ ಮಾತ್ರ ನಿಲ್ಲಿಸ್ಬೇಡಮ್ಮ, ಡಾಕ್ಟರನ್ನ ಕೇಳದೆ. ನಾಳೆ ನಾನೇ ಬರ್ತೀನಿ, ಕಾರ್ ಮಾಡ್ಕೊಂಡು. ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಇಡೀ ದಿನ ಬೇಕಾದ್ರೂ ನಿನ್ ಜೊತೆ ಇರ್ತೀನಿ."

"ಬೇಡ" ಎಂದಳು. ನನ್ನ ಕೈಯಲ್ಲಿದ್ದ ಲೋಟ ತೆಗೆದುಕೊಂಡು ಎದ್ದು ನಿಂತಳು. "ನಾನೇ ಹೋಗ್ತೀನಿ. ಗೌರಿಬಿದನೂರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗ್ತೀನಲ್ಲ, ಅಲ್ಲಿ ರಜ ಕೇಳಿದ್ರೆ ಕೊಡ್ತಾರೆ. ಯಾಕೆ ಅಂತ ಕೇಳಲ್ಲ."